ಹಾಲು ಉಕ್ಕಿಸಿದವರು ಯಾರು?

ನಮ್ಮ ಸೋದರತ್ತೆಯ ಮುಂದೆ ಹಾಲು ಉಕ್ಕುವುದಿಲ್ಲ, ಬಸ್ಸು ತಪ್ಪುವುದಿಲ್ಲ. ಅಷ್ಟು ಪುಣ್ಯವಂತೆಯೇ ಎಂದಿರಾ? ಅವು ತಾವಾಗಿಯೇ ಆದವು ಎನ್ನಲು ಆಕೆ ನಮ್ಮನ್ನು ಬಿಡುವುದಿಲ್ಲ, ಅಷ್ಟೇ. ಹಾಲು ಉಕ್ಕಿತು ಎಂದರೆ, “ಯಾರು ಉಕ್ಕಿಸಿದ್ರು?” ಎನ್ನುತ್ತಾಳೆ. ಹೊಸ ಅಳಿಯ ಮೊದಲ ಸಲ ಊಟಕ್ಕೆ ಬಂದವನು, ಬಸ್ಸು ತಪ್ಪಿ ತಡವಾಯಿತೆಂದ. “ಬಸ್ಸು ತನ್ನ ಹೊತ್ತಿಗೆ ಹೋಗೇತ್ರಿ. ತಪ್ಪಿಸಿದವರು ನೀವು,” ಎಂದು ಹೇಳಿ ಹೋಳಿಗೆಯ ಮೇಲೆ ಧಾರಾಳವಾಗಿ ತುಪ್ಪ ಸುರಿದಳು.

ಮುಂಡರಗಿಯಲ್ಲಿ ಅತ್ತೆ ಮದುವೆಮನೆಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಾಳೆ. ನಾನು, ಮೈಬೂಬಿ, ಇನ್ನಿಬ್ಬರು ಹೆಂಗಸರು ಜೊತೆಗಿದ್ದೇವೆ.

ಒಮ್ಮೆ ಮೈಬೂಬಿ, “ರೊಟ್ಟಿ ಕರಕಾದ್ವು ಅಕ್ಕಾರ,” ಎಂದಳು.

“ಅವು ಕರಕಾದ್ವೋ, ನೀ ಮಾಡಿದ್ಯೋ?”

“ನಾನ ಮಾಡಿದ್ನಿರಿ.”

“ಆತು. ಬಾ, ಛಾ ಕುಡಿ.”

ಒಪ್ಪಿಕೊಂಡರೆ ಬೈಗುಳವಿಲ್ಲ, ಚಹಾ! ನಾನೂ ಒಂದು ದಿನ ಧೈರ್ಯ ಮಾಡಿದೆ. “ಕರೆಂಟ್ ಹೋಗಿ ಗಿರಣಿ ನಿಂತೈತಿ. ಕರೆಂಟ್ ನಾ ಕಳಿಸಿದ್ನೇನು?” ಎಂದೆ.

“ಇಲ್ಲವಾ. ಆದ್ರ ನಿನ್ನೇನ ಹಿಟ್ಟು ಬೀಸಿಸ್ಕೊಂಡು ಬರ್ತೀನಿ ಅಂದಾಕಿ ನೀನ.”

ಅಂದು ನನಗೆ ಚಹಾ ಸಿಗಲಿಲ್ಲ.

ಮೊನ್ನೆ ಕೊರ್ಲಹಳ್ಳಿಯ ಮದುವೆಯೊಂದಕ್ಕೆ ರೊಟ್ಟಿ ಒಪ್ಪಿಕೊಂಡಿದ್ದೆವು. ಬೆಳಿಗ್ಗೆ ಮೈಬೂಬಿ ಬರಲಿಲ್ಲ, ಫೋನೂ ಹತ್ತಲಿಲ್ಲ. ಆಕೆಯ ಪಾಲನ್ನೂ ನಾವೇ ಬಡಿದು, ಬುಟ್ಟಿಗಳನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಓಡಿದೆವು. ಮೊದಲ ಪಂಕ್ತಿ ರೊಟ್ಟಿಯಿಲ್ಲದೆ ಅನ್ನ ಉಂಡು ಏಳುತ್ತಿತ್ತು.

“ಏನ್ರವ್ವಾ, ಬೀಗರ ಮುಂದ ನನ್ನ ಮಾನ ಕಳದ್ರಲ್ಲ,” ಎಂದರು ಹೆಣ್ಣಿನ ತಂದೆ.

ಮೈಬೂಬಿಯ ಹೆಸರು ನನ್ನ ನಾಲಗೆಯ ತುದಿಗೆ ಬಂದಿತ್ತು. ಅತ್ತೆ ನನ್ನನ್ನು ಹಿಂದೆ ಸರಿಸಿದಳು.

“ನಾನ ತಡಾ ಮಾಡೀನ್ರಿ ಯಜಮಾನ್ರ. ಬೀಗರಿಗೂ ನಾನ ಹೇಳ್ತೀನಿ.”

ಹೇಳಿಯೂ ಬಂದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಕೊನೆಯ ಪಂಕ್ತಿಯವರೆಗೂ ತಾನೇ ಬಡಿಸಿದಳು.

ಮರಳುವಾಗ ದಾರಿಯುದ್ದಕ್ಕೂ ನಾವು ಮೈಬೂಬಿಯನ್ನು ಬೈದೆವು. ಅತ್ತೆ ಟಂಟಂ ಅನ್ನು ನೇರ ಆಕೆಯ ಮನೆಗೇ ತಿರುಗಿಸಿದಳು. ನನಗೆ ಒಳಗೊಳಗೇ ಖುಷಿ. ಇವತ್ತು ಐತಿ ಇಕಿಗೆ!

ಮೈಬೂಬಿ ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದಳು. ನಸುಕಿನಲ್ಲಿ ಮಗಳಿಗೆ ಜ್ವರ ನೆತ್ತಿಗೇರಿ ಫಿಟ್ಸ್ ಬಂದಿತ್ತಂತೆ. ಗಂಡ ಊರಲ್ಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿದವಳಿಗೆ ಫೋನಿನ ನೆನಪೆಲ್ಲಿ? ಈಗ ಜ್ವರ ಇಳಿದಿತ್ತು. ಮಗು ಮಲಗಿತ್ತು.

“ಅಕ್ಕಾರ, ನಾ…” ಎನ್ನುವಷ್ಟರಲ್ಲಿ ಅತ್ತೆ ಮಗುವನ್ನು ತೊಡೆಗೆ ತೆಗೆದುಕೊಂಡಳು. “ಮೊದಲ ಮಲಕ್ಕೋ ಹೋಗು.”

ಮೈಬೂಬಿ ಗೋಡೆಗೆ ಒರಗಿದವಳು ಹಾಗೆಯೇ ನಿದ್ದೆಹೋದಳು.

ಅತ್ತೆ ಬಹಳ ಹೊತ್ತು ಮಗುವಿನ ತಲೆ ಸವರುತ್ತ ಕೂತಳು. ಕೊನೆಗೆ ಮೆಲ್ಲಗೆ, “ಗಂಡ ಊರಾಗಿಲ್ಲಂತ ನನಗ ಗೊತ್ತಿತ್ತು. ಮುಂಜಾನಿ ಬರಲಿಲ್ಲಂದಕೂಡ್ಲೆ ಒಬ್ಬರನ್ನ ಇಲ್ಲಿಗೆ ಓಡಿಸಬೇಕಿತ್ತು. ನಾ ರೊಟ್ಟಿ ಬಡಕೋತ ಕುಂತೆ,” ಎಂದಳು.

ಆಕೆಯ ಕಾಲು ಜೋಮು ಹಿಡಿದಿದ್ದು ಕಾಣುತ್ತಿತ್ತು. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಕೊಡಲಿಲ್ಲ.