ಪಡಸಾಲೆಯ ಪಾಠಶಾಲೆ

ದಾನೇಶ್ವರಿ ಶಾಲೆಗೆ ಹೋಗುವುದಿಲ್ಲ ಎಂದು ಹಟ ಹಿಡಿದು ಐದು ದಿನವಾಗಿತ್ತು. ಮೂರನೇ ಇಯತ್ತೆಯ ಹುಡುಗಿ. ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಕೇಳಿದರೆ ಒಂದೇ ಮಾತು: "ಅಲ್ಲಿ ಬಾಳ ಗದ್ಲ. ನಾ ಓದೂದು ನನಗ ಕೇಳಂಗಿಲ್ಲ."

ಅವಳಪ್ಪ ಸಿದ್ಧಾರೂಢ ಹುಬ್ಬಳ್ಳಿ–ಗದಗ ಬಸ್ಸಿನ ಕಂಡಕ್ಟರ್. ಹದಿನಾಲ್ಕು ವರ್ಷ ಬಸ್ಸಿನಲ್ಲಿ ನಿಂತು ಅವನ ಕಿವಿ ಗಾಣದೆತ್ತಿನ ಕಿವಿಯಂತೆ ಮರಗಟ್ಟಿತ್ತು. ಗದ್ದಲಕ್ಕೆ ಹೆದರುವುದೆಂದರೇನು ಎಂಬುದೇ ಅವನಿಗೆ ತಿಳಿಯಲಿಲ್ಲ. ವಾರಕ್ಕೊಂದು ರಜೆ, ಸೋಮವಾರ. ಅಂದು ಪಡಸಾಲೆಯಲ್ಲಿ ಚಾಪೆ ಹಾಸಿ ಹೊತ್ತು ಮುಳುಗುವ ತನಕ ಮಲಗುವುದು ಅವನ ವ್ರತ.

ಆ ವ್ರತಕ್ಕೆ ಹೆಂಡತಿ ಮಹಾನಂದಾ ಕಲ್ಲು ಹಾಕಿದಳು. ಯಾವಳೋ ಒಬ್ಬಳು ತನ್ನ ಮಕ್ಕಳಿಗೆ ಮನೆಯಲ್ಲೇ ತರಗತಿ ನಡೆಸುವುದನ್ನು ಅವಳು ಮೊಬೈಲಿನಲ್ಲಿ ನೋಡಿದ್ದಳು.

"ನಾವೂ ಮನ್ಯಾಗ ಶಾಲಿ ಮಾಡೂಣು. ಬಿಎ ಓದಿ ನಾ ಬರೇ ರೊಟ್ಟಿ ಬಡಿಯಾಕ ಹತ್ತೇನಿ. ಪಡಸಾಲಿ ಖಾಲಿನ ಐತಿ."

"ಪಡಸಾಲ್ಯಾಗ ನಾ ಇರತೇನಲ್ಲ?"

"ಅದಕ್ಕ ಖಾಲಿ ಐತಿ ಅಂದೆ."

ಭಾನುವಾರ ಡ್ಯೂಟಿ ಮುಗಿಸಿ ಬರುವಾಗ ಸಿದ್ಧಾರೂಢ ಅಣ್ಣಿಗೇರಿಯಲ್ಲಿ ಇಳಿದು ಒಂದು ಡಬ್ಬಿ ಕರಿ ಬಣ್ಣ, ಸೀಮೆಸುಣ್ಣ, ಪ್ರಾಣಿಗಳ ಚಿತ್ರಪಟ ಕೊಂಡ. ಕರಿಹಲಗೆಗೆಂದು ಪಡಸಾಲೆಯ ಪಡುವಣ ಗೋಡೆಗೆ ಬಣ್ಣ ಬಳಿದ. ಎಲ್ಲಿ ನಿಲ್ಲಿಸಬೇಕೋ ತಿಳಿಯದೆ ಗೋಡೆ ಮುಗಿಯುವ ತನಕ ಬಳಿದ. ಪಟ ಬಿಚ್ಚಿ ನೋಡಿದರೆ ಹುಲಿಯೂ ಇಲ್ಲ, ಆನೆಯೂ ಇಲ್ಲ. ಅಂಗಡಿಯವನು ಮನುಷ್ಯನ ಜಠರ, ಕರುಳುಗಳ ಪಟ ಸುತ್ತಿ ಕೊಟ್ಟಿದ್ದ. ಮಹಾನಂದಾ ಅದನ್ನೇ ತೂಗುಹಾಕಿದಳು.

ಸೋಮವಾರ ಎಂಟು ಗಂಟೆಗೆ ಬಾಜು ಮನೆಯ ರೇವವ್ವ ಮಜ್ಜಿಗೆ ಕೇಳಲು ಬಂದವಳು ಬಾಗಿಲಲ್ಲೇ ನಿಂತಳು.

"ಯಪ್ಪಾ, ಗ್ವಾಡಿಗೆ ಯಾಕ ಮಸಿ ಬಳದೀಯೋ? ಯಾರ ದೃಷ್ಟಿ ತಾಕೈತಿ?" ಅಷ್ಟರಲ್ಲಿ ಕರುಳಿನ ಪಟ ಕಣ್ಣಿಗೆ ಬಿತ್ತು. "ಅಯ್ಯ, ದವಾಖಾನಿ ತೆಗದೀಯೇನು! ಹೇಳಬಾರದನು?" ಎಂದವಳೇ ಕುಳಿತು ನೋಯುವ ಮಂಡಿ ಮುಂದೆ ಚಾಚಿದಳು.

"ದವಾಖಾನಿ ಅಲ್ಲಬೇ, ಶಾಲಿ."

"ಶಾಲಿ? ಶಾಲಿ ನಿಮ್ಮ ಮನಿಗೆ ಬಂತನು?"

ವಿವರಿಸಲು ಹೋದರೆ ಮಧ್ಯಾಹ್ನವಾಗುತ್ತದೆಂದು ಸಿದ್ಧಾರೂಢ "ಹೂಂನಬೇ, ಬಂತು" ಎಂದುಬಿಟ್ಟ. ಆ ಒಂದು 'ಹೂಂ' ರೇವವ್ವನ ಬಾಯಿಂದ ಓಣಿಗೆ, ಓಣಿಯಿಂದ ಊರಿಗೆ ಕಾಳ್ಗಿಚ್ಚಿನಂತೆ ಹಬ್ಬಿತು.

ಒಂಬತ್ತಕ್ಕೆ ಹಿಂದಿನ ಓಣಿಯ ಜರೀನಾಬಿ ಅವಳಿ ಮಕ್ಕಳನ್ನು ಪಾಟಿಚೀಲ ಸಮೇತ ತಂದು ನಿಲ್ಲಿಸಿದಳು. "ಶಾಲಿ ಇಲ್ಲಿಗೆ ಬಂತಂತಲ್ರಿ ಕಂಡಕ್ಟರ್ ಸಾಹೇಬ್ರ, ಅಗದಿ ಚಲೋ ಆತು. ಕೆಸರ ತುಳಿಯೂದು ತಪ್ಪಿತು."

"ಇಲ್ರೀ, ಇದು ನಮ್ಮ ಹುಡುಗಿ ಒಬ್ಬಾಕಿಗೆ..."

"ನಮ್ಮವು ಸಣ್ಣವರಿ. ಎರಡೂ ಕೂಡಿ ಒಂದ ಸೀಟಿನಾಗ ಕುಂದರತಾವು," ಎಂದು ಅವಳು ಹೊರಟೇಹೋದಳು.

ಸೀಟು ಎಂಬ ಮಾತು ಕೇಳಿದ ಮೇಲೆ ಸಿದ್ಧಾರೂಢನ ನಾಲಿಗೆ ಅವನ ಮಾತು ಕೇಳಲಿಲ್ಲ. "ಒಳಗ ನಡೀರಿ, ಹಿಂದ ಜಾಗಾ ಐತಿ," ಎಂದುಬಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಇನ್ನೂ ನಾಲ್ಕು ಮಕ್ಕಳು ಒಳಗೆ ನುಗ್ಗಿದವು. ಹತ್ತು ಗಂಟೆಗೆ ಎಣಿಸಿದರೆ ಇಪ್ಪತ್ತಮೂರು. ಎರಡನೇ ಸಲ ಎಣಿಸಿದಾಗ ಇಪ್ಪತ್ತಾರು. ಕಿಟಕಿಯಿಂದಲೂ ಹತ್ತುತ್ತಿದ್ದರು.

"ಲೇ, ನಿಮಗ ಶಾಲಿ ಇಲ್ಲೇನು?"

"ಇದ ಶಾಲಿ ಅಲ್ಲೇನ್ರಿ ಸರ್?" ಎಂದು ಮುಂದೆ ಕುಳಿತವನು ತಿರುಗಿ ಕೇಳಿದ. ಗೋಡೆ ಕಪ್ಪಗಿತ್ತು, ಸೀಮೆಸುಣ್ಣ ಇತ್ತು, ಮಕ್ಕಳಿದ್ದವು. ಅಲ್ಲ ಎನ್ನಲು ಸಿದ್ಧಾರೂಢನಿಗೆ ಕಾರಣವೇ ಹೊಳೆಯಲಿಲ್ಲ.

ಮಹಾನಂದಾಳ ಬಿಎ ಇಪ್ಪತ್ತಾರು ಮಕ್ಕಳನ್ನು ಕಂಡು ಅಡುಗೆಮನೆ ಸೇರಿತು. ಅವನೇ ಸೀಮೆಸುಣ್ಣ ಹಿಡಿದ. ತಲೆಗೆ ಬೇರೇನೂ ಬಾರದೆ ಹುಬ್ಬಳ್ಳಿ, ಶಿರಗುಪ್ಪಿ, ನಲವಡಿ, ಅಣ್ಣಿಗೇರಿ, ಹುಲಕೋಟಿ, ಗದಗ ಎಂದು ಬರೆದ. ಮಕ್ಕಳು ಛಾವಣಿ ಹಾರುವ ಹಾಗೆ ಕೂಗಿ ಓದಿದರು. ಮುಗಿದ ಮೇಲೆ ವಾಪಸ್ ಟ್ರಿಪ್ಪನ್ನೂ ಓದಿಸಿದ.

ಯಾರಿಗಾಗಿ ಇಷ್ಟೆಲ್ಲ ನಡೆದಿತ್ತೋ ಆ ದಾನೇಶ್ವರಿ ಹೊಸ್ತಿಲಲ್ಲಿ ಕಿವಿ ಮುಚ್ಚಿಕೊಂಡು ನಿಂತಿದ್ದಳು.

ಹನ್ನೊಂದಕ್ಕೆ ಹಾಜರಿ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಊರ ಶಾಲೆಯ ಭೀಮಶಿ ಮಾಸ್ತರರು ಬಂದರು. ಅವರ ಮೂರನೇ ಇಯತ್ತೆಗೆ ಬೆಳಗಿನಿಂದ ಒಂದು ಮಗುವೂ ಬಂದಿರಲಿಲ್ಲ. ಅವರನ್ನು ಕಂಡದ್ದೇ ಸಿದ್ಧಾರೂಢನ ಕೈಯಿಂದ ಸೀಮೆಸುಣ್ಣ ಜಾರಿತು. ಟಿಕೆಟ್ ಚೆಕಿಂಗ್‌ನವರು ಬಸ್ ಹತ್ತಿದಾಗಲೂ ಅವನಿಗೆ ಇಷ್ಟು ಬೆವರು ಬಂದಿರಲಿಲ್ಲ.

"ಸರ್, ತಪ್ಪ ತಿಳಕೋಬ್ಯಾಡ್ರಿ. ನಾ ಯಾರನ್ನೂ ಕರದಿಲ್ಲ. ತಾವ ಬಂದಾವು."

ಮಾಸ್ತರರು ಗೋಡೆ ನೋಡಿದರು. ಫ್ಯಾನು ನೋಡಿದರು. ಹಿತ್ತಲಿಗೆ ಹೋಗಿ ನಳ ತಿರುಗಿಸಿದರು, ಪಾಯಖಾನೆ ಬಾಗಿಲು ತೆಗೆದು ನೋಡಿ ಮುಚ್ಚಿದರು. ಮರಳಿ ಬಂದು ಹೆಜ್ಜೆಯಿಂದ ಪಡಸಾಲೆ ಅಳೆದರು. ಕೇಸು ಹಾಕಲು ಮನೆ ಯಾಕೆ ಅಳೆಯಬೇಕು ಎಂಬುದು ಸಿದ್ಧಾರೂಢನಿಗೆ ಅರ್ಥವಾಗಲಿಲ್ಲ.

"ಸಿಟ್ಟ ಆಗೀರೇನ್ರಿ ಸರ್?"

"ಸಿಟ್ಟ ಯಾಕ ಆಗಲಿ? ಎಷ್ಟ ಚಂದ ಮಾಡೀರಿ!"

ಸಿದ್ಧಾರೂಢನಿಗೆ ಹೋದ ಜೀವ ಬಂದಂತಾಯಿತು. ಸಂತೋಷಕ್ಕೆ ಅವನು ಕೈ ಮುಗಿದು, ಬಂದವರಿಗೆಲ್ಲ ಹೇಳುವ ಮಾತನ್ನೇ ಹೇಳಿದ: "ಕುಂದರ್ರಿ ಸರ್, ಚಾ ಕುಡೀರಿ. ಇದು ನಿಮ್ಮದ ಮನಿ ಅಂತ ತಿಳಕೋರಿ."

ಮಾಸ್ತರರು ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡರು. "ನೀವ ಬಾಯಿಬಿಟ್ಟ ಹೇಳಿದ್ರಲ್ಲ, ದೊಡ್ಡ ಮನಸ ನಿಮ್ಮದು. ನಮ್ಮ ಮೂರನೇ ಇಯತ್ತೆ ಖೋಲಿ ಸೋರತೈತಿ, ಮಕ್ಕಳನ್ನ ಕುಂದರಿಸಬ್ಯಾಡ್ರಿ ಅಂತ ಇಂಜಿನಿಯರ್ ಹೇಳಿ ತಿಂಗಳಾತು, ಎರಡನೇದವರ ಖೋಲ್ಯಾಗ ತುರುಕೇನಿ. ಊರೆಲ್ಲ ಜಾಗಾ ಕೇಳಿದೆ, ಒಬ್ರೂ ಕೊಡಲಿಲ್ಲ. ದುರಸ್ತಿ ಆಗೂ ತನಕ ತರಗತಿ ಇಲ್ಲೇ ನಡಸೂಣು."

"ದುರಸ್ತಿ... ಎಂದ ಆಗತೈತ್ರಿ?"

"ಅದು ಸರಕಾರದ ಕೆಲಸ. ಹ್ಯಾಂಗ ಹೇಳೂದು?"

ಮುಂದಿನದು ಸಿದ್ಧಾರೂಢನ ಕಣ್ಣೆದುರೇ ನಡೆಯಿತು, ಆದರೆ ಅವನಿಗೆ ಒಂದೂ ತಿಳಿಯಲಿಲ್ಲ. ಚಕ್ಕಡಿಯಲ್ಲಿ ಬೆಂಚುಗಳು ಬಂದವು. ಅವನ ಚಾಪೆ ಸುತ್ತಿ ಅಟ್ಟ ಸೇರಿತು. ಬಿಸಿಯೂಟದ ಪಾತ್ರೆ ಅಡುಗೆಮನೆ ಹೊಕ್ಕಿತು. ಮಹಾನಂದಾ ಹಿತ್ತಲಿಗೆ ಬಂದಳು. ರೇವವ್ವ ತನ್ನಿಂದಲೇ ಎಲ್ಲ ಆಯಿತೆಂದು ಬಂದವರಿಗೆಲ್ಲ ಹೇಳುತ್ತ ಕಟ್ಟೆ ಹಿಡಿದು ಕುಳಿತಳು. ಯಾರೋ ಅವನ ಹೆಗಲಿಗೆ ಶಾಲು ಹೊದಿಸಿ ಫೋಟೋ ತೆಗೆದರು.

ಊಟದ ನಂತರ ಮಾಸ್ತರರು ಹಾಜರಿ ಪುಸ್ತಕ ಬಿಚ್ಚಿದರು. ಹೆಸರು ಕೂಗಿದಂತೆಲ್ಲ ಮಕ್ಕಳು "ಹಾಜರ್ ಸರ್" ಎಂದು ಒದರಿದರು.

"ದಾನೇಶ್ವರಿ!"

ಮಾಸ್ತರರು ಬೆಂಚುಗಳ ಮೇಲೆ ಕಣ್ಣಾಡಿಸಿದರು.

"ದಾನೇಶ್ವರಿ ಸಿದ್ಧಾರೂಢ!"

"ಆಕಿ ಚೀಲಾ ಹೆಗಲಿಗೆ ಹಾಕ್ಕೊಂಡ ಶಾಲಿ ಕಡೆ ಹೋದ್ಲರಿ," ಎಂದ ಜರೀನಾಬಿಯ ಮಗ. "ಅಲ್ಲಿ ಈಗ ಗದ್ಲಾನ ಇಲ್ಲಂತ, ಬೇವಿನ ಗಿಡದ ಬುಡಕ ಅಗದಿ ತಣ್ಣಗ ಐತಂತ. ಅಲ್ಲೇ ಕುಂತ ಓದತಾಳಂತರಿ."

ಮಾಸ್ತರರು ಕನ್ನಡಕ ಸರಿಸಿ ಸಿದ್ಧಾರೂಢನನ್ನು ನೋಡಿದರು. "ಏನ್ರಿ ಇದು? ಮನ್ಯಾಗ ಶಾಲಿ ಐತಿ, ಮನಿ ಹುಡುಗಿನ ಗೈರಹಾಜರ! ಹೋಗ್ರಿ, ಕರಕೊಂಡ ಬರ್ರಿ."

ಸಿದ್ಧಾರೂಢ ಶಾಲು ಹೊದ್ದುಕೊಂಡೇ ಬೀದಿಗೆ ಇಳಿದ. ಮಗಳನ್ನು ಶಾಲೆಯಿಂದ ಶಾಲೆಗೆ ಕರೆತರಬೇಕೋ, ಶಾಲೆಯಿಂದ ಮನೆಗೆ ಕರೆತರಬೇಕೋ, ಬೇವಿನ ಬುಡದವರೆಗೂ ಅವನಿಗೆ ಬಗೆಹರಿಯಲಿಲ್ಲ. ದಾನೇಶ್ವರಿ ಪುಸ್ತಕದಿಂದ ತಲೆ ಎತ್ತಲಿಲ್ಲ. ಗಾಳಿ ತಣ್ಣಗೆ ಬೀಸುತ್ತಿತ್ತು. ಅವನು ಶಾಲು ಹಾಸಿ ಮಲಗಿ, ಕಣ್ಣು ಮುಚ್ಚಿದ.

ನಿದ್ದೆ ಹತ್ತುವಷ್ಟರಲ್ಲಿ ಮಗಳು ತುಟಿಯ ಮೇಲೆ ಬೆರಳಿಟ್ಟು ಅವನ ತೋಳು ಅಲುಗಿಸಿದಳು.

"ಅಪ್ಪಾ, ಗೊರಕಿ ಹೊಡಿಯೂದಿದ್ರ ಮನಿಗೆ ಹೋಗು. ಇಲ್ಲಿ ಗದ್ಲ ಮಾಡಬ್ಯಾಡ."