ಸಾಸಿವೆ ಕಾಳಿನ ಮೇಲೆ ದಾನಿಗಳ ಹೆಸರು

ರಾಜಾರಾಮನ ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ ಬೊಗಸೆಯಷ್ಟು ಖಾಲಿ ಜಾಗ ಉಳಿಯಿತು, ಅಲ್ಲಿಗೆ ಅವನ ಗ್ರಹಚಾರ ಕೆಟ್ಟಿತು. ಬೊಗಸೆ ಎಂದದ್ದು ಕಂಪ್ಯೂಟರಿನ ಪರದೆಯ ಮಾತು. ಅಸಲಿಗೆ ಆ ಇಡೀ ಚಿಪ್ಪೇ ಸಾಸಿವೆ ಕಾಳಿಗಿಂತ ಸಣ್ಣದು.

ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ಬಾಡಿಗೆಗಿದ್ದ ರಾಜಾರಾಮ, ತೊರವಿ ಕಡೆಯ ಕಾಲೇಜೊಂದರಲ್ಲಿ ಟೆಂಪರರಿ ಮಾಸ್ತರ. ಪುಕ್ಕಟೆ ಸಿಗುವ ಓಪನ್ ಸೋರ್ಸ್ ಟೂಲುಗಳನ್ನು ಇಳಿಸಿಕೊಂಡು, ಟಿಕೋಟಾದ ದ್ರಾಕ್ಷಿ ಬಳ್ಳಿಗೆ ನೀರು ಸಾಕಾದೊಡನೆ ಮೋಟಾರು ಬಂದ್ ಮಾಡುವ ಚಿಪ್ಪಿನ ನಕ್ಷೆ ಬರೆದಿದ್ದ. ಹತ್ತಾರು ಜನರ ನಕ್ಷೆ ಕೂಡಿಸಿ ಪರದೇಶದಲ್ಲಿ ಚಿಪ್ಪು ಮಾಡಿಸುವ ವೆಬ್‌ಸೈಟೊಂದಿತ್ತು. ಈ ವರ್ಷದ ನಕ್ಷೆ ಕಳಿಸಲು ಇಂದು ಸಂಜೆ ಐದಕ್ಕೆ ಅದರ ಬಾಗಿಲು ಬಂದ್. ಪ್ರಿನ್ಸಿಪಾಲ ದೇವಾನಂದ ಸರ್ ಮೊದಲೇ ಹೇಳಿದ್ದರು: "ನಿನ್ನ ಹೆಸರಿರೋ ಚಿಪ್ ಒಂದು ತೋರ್ಸು, ನೌಕರಿ ಪರ್ಮನೆಂಟ್." ಅದಕ್ಕೇ ಅವನು ನಕ್ಷೆಯ ಮೂಲೆಯಲ್ಲಿ ತಂತಿಗೆರೆಯಿಂದಲೇ ತನ್ನ ಹೆಸರು ಕೊರೆದಿಟ್ಟಿದ್ದ.

ಮಧ್ಯಾಹ್ನ ಕರೆಂಟು ಹೋಯಿತು. ಮನೆ ಮಾಲಕ ಶಿವಯೋಗೆಪ್ಪ ತನ್ನ ಇನ್ವರ್ಟರಿನಿಂದ ವೈರು ಎಳೆದುಕೊಟ್ಟು, ಅಲ್ಲೇ ಕುರ್ಚಿ ಹಾಕಿಕೊಂಡು ಕೂತ.

"ಬಾಜೂಕ ಜಾಗಾ ಖಾಲಿ ಐತೆಲ್ಲೋ ತಮ್ಮಾ. ಅಲ್ಲಿ ನನ್ನ ಹೆಸರ ಹಾಕು. ಗುಡಿಗೆ ಫ್ಯಾನ್ ಕೊಟ್ಟಾಗ ಮೂರೂ ರೆಕ್ಕಿ ಮ್ಯಾಲ ಬರ್ಸೇನಿ."

"ಕಾಕಾ, ಇದು ಕಣ್ಣಿಗೆ ಕಾಣಂಗಿಲ್ರಿ."

"ಫ್ಯಾನ್ ತಿರಗಾಕತ್ತಿದ್ರ ಹೆಸರ ಯಾರಿಗೆ ಕಾಣ್ತೈತಿ? ಪುಣ್ಯ ಬರೂದು ನಿಲ್ತೈತೇನು?"

ವೈರಿನ ಪ್ಲಗ್ಗು ಮುದುಕನ ಕಾಲ ಬಳಿಯೇ ಇತ್ತು. ರಾಜಾರಾಮ ಹೆಸರು ಹಾಕಿದ. 'ಪ್ಪ'ದ ಒತ್ತು ಕೆಳಗಿಳಿದು ಮೋಟಾರಿನ ಗೆರೆಗೆ ತಾಗಿ, ತಪ್ಪು ಹುಡುಕುವ ಟೂಲು ಪರದೆ ತುಂಬ ಕೆಂಪು ಚುಕ್ಕೆ ಉಗುಳಿತು. ಗೆರೆ ಸರಿಸಿ ಸರಿಮಾಡುವಷ್ಟರಲ್ಲಿ ಇಂಟರ್‌ನೆಟ್ಟೂ ಹೋಯಿತು.

ಪಕ್ಕದ ಮನೆಯ ಗೌರಾಬಾಯಿ ವೈಫೈ ಪಾಸ್‌ವರ್ಡ್ ಕೊಟ್ಟಳು, ಹೊಸ್ತಿಲಲ್ಲಿ ಕೈಕಟ್ಟಿ ನಿಂತು. "ನಮ್ಮ ಯಜಮಾನ್ರ ಹೆಸರ, ಜೈನಾಪುರದವ್ರು ಅಂತ ಊರಿನ ಹೆಸರ, ಕೆಳಗ 'ಸೇವಾ' ಅಂತ. ಏನ್ ಭಾಳ ಕೇಳಾಕತ್ತಿಲ್ಲ ನೋಡಪಾ."

"ಹಂಗಾರ ನಂದು ದೊಡ್ಡ ಅಕ್ಷರದಾಗ ಮಾಡು! ಇನ್ವರ್ಟರ್ ಯಾರದು?" ಎಂದು ಶಿವಯೋಗೆಪ್ಪ ಎದ್ದೇ ಬಿಟ್ಟ.

ಮತ್ತೆ ಕೆಂಪು, ಮತ್ತೆ ಸರಿಸುವುದು. ಕೊನೆಗೆ ಚಿಪ್ಪು ಹಬ್ಬದ ದಿನದ ಬಸ್ಸಿನಂತೆ ತುಂಬಿತು. ಐದಕ್ಕೆ ಇನ್ನು ಸ್ವಲ್ಪವೇ ಹೊತ್ತಿರುವಾಗ, ಗಲ್ಲಿಯ ಸುದ್ದಿ ಕಿವಿಗೆ ಬಿದ್ದು, ದೇವಾನಂದ ಸರ್ ಫೋನು ಬಂತು.

"ರಾಜಾರಾಮ, ಯಾರ್ಯಾರದೋ ಹೆಸರ ಹಾಕಾಕತ್ತೀಯಂತ? 'ಮಾರ್ಗದರ್ಶನ' ಅಂತ ನಮ್ದೂ ಇರ್ಲಿ. ಡಿಗ್ರಿ ಬಿಡಬ್ಯಾಡ."

ಯಪ್ಪಾ! ಸರ್‌ಗೆ ಮೂರು ಡಿಗ್ರಿ. ಮುದುಕನ ಹೆಸರು ಅಳಿಸಿದರೆ ಪ್ಲಗ್ಗು ಕೀಳುತ್ತಾನೆ, ಗೌರಾಬಾಯಿಯದು ಅಳಿಸಿದರೆ ವೈಫೈ ಹೋಗುತ್ತದೆ. ಸರ್ಕೀಟು ತೆಗೆದರೆ ಉಳಿಯುವುದು ಬರೀ ನಾಮಫಲಕ. ರಾಜಾರಾಮನಿಗೆ ಅಳು ಬಂತು.

ಹೆಂಡತಿ ವಿಶಾಖಾ ಚಹಾ ತಂದವಳು ಹೇಳಿದಳು: "ನಿಮ್ಮ ಹೆಸರ ತಗೀರಿ. ಯಾರು ಮಾಡ್ಯಾರ ಅಂತ ಸರ್‌ಗ ಗೊತ್ತೈತೆಲ್ಲ?"

ಅದೂ ಖರೆಯೇ. ಅಳಿಸಿದ. ಡಿಗ್ರಿ ಸಮೇತ ಸರ್ ಒಳಗೆ ಕೂತರು. ಕೆಂಪು ಹೋಗಿ ಹಸಿರು ಬಂತು. ಐದು ಹೊಡೆಯುವ ಮುಂಚೆ ನಕ್ಷೆ ಹೋಯಿತು, ಸ್ವೀಕರಿಸಿದ್ದೇವೆ ಎಂಬ ಸಂದೇಶವೂ ಬಂತು. ಶಿವಯೋಗೆಪ್ಪ ತಾನೇ ಹೋಗಿ ಪೇಢೆ ತಂದು ಗಲ್ಲಿಗೆಲ್ಲ ಹಂಚಿದ.

ಆಗ ಮತ್ತೆ ಸರ್ ಫೋನು.

"ನೀ ಕಳಿಸಿದ ನಕ್ಷೆ ಫೋಟೋ ದೊಡ್ಡದು ಮಾಡಿ ನೋಡೇನಿ. ಡಿಗ್ರಿ ಭಾಳ ಛಲೋ ಬಂದಾವ. ಆದ್ರ ನಿನ್ನ ಹೆಸರ ಎಲ್ಲೈತೋ?"

"ಸರ್, ನಿಮ್ಮ ಹೆಸರಿಗೆ ಜಾಗಾ ಮಾಡಾಕ ಹೋಗಿ..."

"ಅದು ಖರೆ. ಆದ್ರ ನಾಳೆ ಕಮಿಟ್ಯಾವ್ರಿಗೆ ನಾ ಏನ್ ತೋರ್ಸ್ಲಿ? ಈ ಚಿಪ್ಪಿನಾಗ ನೀ ಎಲ್ಲೂ ಇಲ್ಲ. ಮುಂದಿನ ವರ್ಷ ನೋಡೂಣಂತ."

ಫೋನು ಕೈಯಲ್ಲೇ ಹಿಡಿದು ರಾಜಾರಾಮ ಮೆಟ್ಟಿಲ ಮೇಲೆ ಕುಸಿದ. ಶಿವಯೋಗೆಪ್ಪ ವಿಷಯ ಕೇಳಿ, ಲೊಚಗುಟ್ಟಿ, ಉಳಿದಿದ್ದ ಒಂದು ಪೇಢೆಯನ್ನು ಅವನ ಅಂಗೈಗಿಟ್ಟ.

"ಅದಕ್ಯಾಕ ಇಷ್ಟ್ ಮಾರಿ ಸಣ್ಣ ಮಾಡ್ತಿ ತಮ್ಮಾ? ಗುಡಿ ಫ್ಯಾನಿನ ಮ್ಯಾಲ ಕೊಟ್ಟಾವ್ರ ಹೆಸರ ಬರೀತಾರ. ಫ್ಯಾನ್ ಮಾಡಿದಾವಂದು ಯಾರರ ಬರೀತಾರೇನು?"