ಪಂಚೆಯ ಮೇಲಿನ ರಾಣಿ

ಮೇಲಿನ ಮನೆಯ ತುಂಗಮ್ಮನವರ ಹತ್ತಿರ ರತ್ನಾವತಿಯವರು ಆ ಒಂದು ಮಾತು ಆಡದೆ ಇದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಲೇ ಇರಲಿಲ್ಲ. "ನಮ್ಮ ವೈಷ್ಣವಿ ವಿಡಿಯೋ ಗೇಮಿನಲ್ಲಿ ರಾಣಿ ಆಗಿದ್ದಾಳೆ, ಇವತ್ತೇ ಬಿಡುಗಡೆಯಂತೆ" ಎಂದು ಭಾನುವಾರ ಬೆಳಿಗ್ಗೆ ಬಟ್ಟೆ ಒಣಗಿಸುತ್ತ ಹೇಳಿದ್ದಷ್ಟೆ. ತುಂಗಮ್ಮನವರು ಮೈಸೂರಿನವರು, ಗಂಡನ ಬ್ಯಾಂಕ್ ಕೆಲಸದ ಹಿಂದೆ ಕೋಲ್ಕತ್ತಾಕ್ಕೆ ಬಂದು ಇಲ್ಲೇ ನಿಂತವರು. ಸುದ್ದಿ ಹೊಟ್ಟೆಯಲ್ಲಿಟ್ಟುಕೊಂಡರೆ ಅವರಿಗೆ ಅಜೀರ್ಣವಾಗುತ್ತದೆ. ತರಕಾರಿಗೆಂದು ಇಳಿದವರು ಮೆಟ್ಟಿಲು ಹತ್ತಿ ವಾಪಸು ಬರುವಷ್ಟರಲ್ಲಿ ಮಾತು ದಕ್ಷಿಣೇಶ್ವರದ ಆ ಓಣಿಯ ಎರಡೂ ತುದಿ ಮುಟ್ಟಿತ್ತು. ಓಣಿಯ ದುರ್ಗಾಪೂಜೆ ನಡೆಸುವ ಕ್ಲಬ್ಬಿನ ಕಾರ್ಯದರ್ಶಿ ಮಿಹಿರ್‌ದಾ ರತ್ನಾವತಿಯವರ ಮನೆಯ ಕೆಳಗಿದ್ದ ಅವರದೇ ಹೋಟೆಲಿನ ಬಾಗಿಲಿಗೇ ಬಂದು, "ನಮ್ಮ ಪಾಡಾದ, ಈ ಓಣಿಯ ಹುಡುಗಿ ರಾಣಿಯಾದರೆ ಓಣಿಯವರು ನೋಡಬೇಡವೇ? ಕ್ಲಬ್ಬಿನ ಪ್ರೊಜೆಕ್ಟರ್ ತರುತ್ತೇನೆ, ಗೋಡೆ ನಿಮ್ಮದು" ಎಂದು ತಮ್ಮ ಬಂಗಾಳಿ ಬೆರೆತ ಹಿಂದಿಯಲ್ಲಿ ತೀರ್ಪು ಕೊಟ್ಟು ಹೋದರು.

ಗಾಬರಿಯಾದದ್ದು ಮಗಳು ವೈಷ್ಣವಿಗೆ. ರಾಣಿ ಏನು ಮಾಡುತ್ತಾಳೆ ಎಂಬುದು ಅವಳಿಗೇ ಪೂರ್ತಿ ಗೊತ್ತಿರಲಿಲ್ಲ. ನ್ಯೂ ಟೌನಿನ ಆ ಗೇಮ್ ಕಂಪನಿಯಲ್ಲಿ ಕೆಲಸ ನಡೆಯುವ ರೀತಿಯೇ ಹಾಗೆ. ಕತೆ ಹೊರಗೆ ಹೋದೀತೆಂದು ನಟರಿಗೂ ಹೇಳುವುದಿಲ್ಲ. ಮೈಗಂಟುವ ಕರಿ ಅಂಗಿ ತೊಡಿಸಿ, ಅದರ ಮೇಲೆಲ್ಲ ಬಿಳಿ ಗುಂಡು ಅಂಟಿಸಿ, ತಲೆಗೊಂದು ಕ್ಯಾಮೆರಾ ಕಟ್ಟುತ್ತಾರೆ. ನಟರ ಚಲನೆಯನ್ನು ಕಂಪ್ಯೂಟರ್ ಹಿಡಿದು ಗೇಮಿನ ಪಾತ್ರಕ್ಕೆ ತೊಡಿಸುತ್ತದೆ. ಈ ಸ್ಟೂಲೇ ಮಹಾರಾಜ ಎಂದರೆ ಸ್ಟೂಲನ್ನು ಮಾತಾಡಿಸಬೇಕು. ಈಗ ಬೀಳಿ ಎಂದರೆ ಬೀಳಬೇಕು. ಒಂದು ಚಳಿಗಾಲವಿಡೀ ಅವಳು ನಡೆದಳು, ನಕ್ಕಳು, ಬಿದ್ದಳು. ಯಾವುದರ ಹಿಂದೆ ಯಾವುದು ಬರುತ್ತದೆಂದು ಕೇಳಿದರೆ ನಿರ್ದೇಶಕ ಆಕಾಶ್ ನಗುತ್ತಿದ್ದ. ಒಂದು ಭಾಷೆ ಮಾತ್ರ ಕೊಟ್ಟಿದ್ದ: ಮುಖ ನಿಮ್ಮದೇ ಇರುತ್ತದೆ. ಅದಕ್ಕೇ ಅವಳು ಒಪ್ಪಿದ್ದು.

ಯಾಕೆಂದರೆ ಅವಳ ಮುಖಕ್ಕೆ ಅದುವರೆಗೂ ಯೋಗ ಕೂಡಿ ಬಂದಿರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮಾಡಿದ ಮೊದಲ ಜಾಹೀರಾತೇ ರವಿಕೆಯದು. ಬಾರಾನಗರದ ದೊಡ್ಡ ರಸ್ತೆಯಲ್ಲಿ ಮೂರಂತಸ್ತಿನ ಎತ್ತರಕ್ಕೆ ಅವಳ ಬೆನ್ನು ನಿಂತಿತ್ತು. ಎರಡು ದಾರ ಬಿಟ್ಟರೆ ಆ ಬೆನ್ನಿನ ಮೇಲೆ ಬೇರೇನೂ ಇರಲಿಲ್ಲ. ಉಡುಪಿಯಿಂದ ಅವಳನ್ನು ನೋಡಲು ಬಂದ ಗಂಡಿನವರನ್ನು ಅಪ್ಪ ವೆಂಕಪ್ಪನವರು ಹೌರಾದಿಂದ ಟ್ಯಾಕ್ಸಿಯಲ್ಲಿ ಅದೇ ದಾರಿಯಲ್ಲಿ ಕರೆತಂದರು. ಬೆನ್ನಿಗೇನು ಹೆಸರಿರುತ್ತದೆಯೇ? ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಗಂಡಿನ ತಾಯಿ, "ಬರುವಾಗ ಎಂಥದೋ ಒಂದು ಬೋರ್ಡು ಕಂಡಿತು, ಮಾನಗೆಟ್ಟವರು" ಎಂದಾಗ, ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದ ವೈಷ್ಣವಿ, "ಅದು ನಾನೇ" ಎಂದುಬಿಟ್ಟಳು. ಸಂತೋಷಕ್ಕೆ ಹೇಳಿದ್ದು, ಪಾಪ. ಗಂಡಿನವರು ಉಪ್ಪಿಟ್ಟು ಮುಟ್ಟದೆ ಎದ್ದರು.

ಅವತ್ತು ವೆಂಕಪ್ಪನವರು ಮಗಳ ಜೊತೆ ಮಾತು ಬಿಟ್ಟವರು ಮತ್ತೆ ಹಿಡಿಯಲಿಲ್ಲ. ಒಂದೇ ಮನೆ, ಒಂದೇ ಅನ್ನ, ಕೆಳಗಿನ ಹೋಟೆಲಿನಲ್ಲಿ ಇಬ್ಬರೂ ಓಡಾಡುವವರು. ಮಾತು ಮಾತ್ರ ಹೆಂಡತಿಯ ಕೈಯಲ್ಲಿ ಕಳಿಸುವುದು. "ಕೊಡೆ ತಕೊಂಡು ಹೋಗ್ಲಿಕ್ಕೆ ಹೇಳು ಅವಳಿಗೆ" ಎಂದು, ಅವಳು ಎದುರಿಗೇ ನಿಂತಿರುವಾಗ. ಅಪ್ಪಯ್ಯ ಎಂದು ಕರೆದರೆ ಓಗೊಡುವುದಿಲ್ಲ. ಹೀಗೇ ಹದಿನೈದು ವರ್ಷ ಕಳೆಯಿತು. ಅಷ್ಟರಲ್ಲಿ ಬೆನ್ನಿನ ಕಾಲ ಮುಗಿದು, ಜಾಹೀರಾತುಗಳಲ್ಲಿ ಕುಕ್ಕರ್ ಹಿಡಿದ ಕೈಯಾಗಿ, ಚಪ್ಪಲಿ ಮೆಟ್ಟಿದ ಕಾಲಾಗಿ, ಕೊನೆಗೆ ಕರೆಯುವವರೂ ಇಲ್ಲದೆ ವೈಷ್ಣವಿಗೆ ಮೂವತ್ತನಾಲ್ಕಾಯಿತು. ಅವಳಿಗಿದ್ದ ಆಸೆ ಇಷ್ಟೇ. ಮೈತುಂಬ ಬಟ್ಟೆಯುಟ್ಟ ತನ್ನ ಮುಖವನ್ನು ಅಪ್ಪಯ್ಯ ಒಮ್ಮೆ ನೋಡಬೇಕು, ನೋಡಿ ಒಂದು ಮಾತಾಡಿಸಬೇಕು. ರಾಣಿ ಎಂದ ಮೇಲೆ ಬಟ್ಟೆಗೇನೂ ಕೊರತೆ ಇರಲಿಕ್ಕಿಲ್ಲ ಎಂಬ ಧೈರ್ಯ ಅವಳದು.

ಅಪ್ಪನಿಂದ ಉತ್ತರ ಬಂದದ್ದೂ ಅಮ್ಮನ ಮೂಲಕವೇ. "ಗೋಡೆ ಬೇಕಾದ್ರೆ ತಕೊಳ್ಳಲಿ ಅಂತ ಹೇಳಿದ್ರು ಇವರು. ಐದು ಗಂಟೆಗೆ ಹೋಟೆಲ್ ತೆಗೀಬೇಕಂತೆ. ನೋಡ್ಲಿಕ್ಕೆ ಬರುದಿಲ್ಲ ಅಂತ ಮಾತ್ರ ಹೇಳ್ಲಿಲ್ಲ ಮಗಾ" ಎಂದು ರತ್ನಾವತಿ ಮಗಳ ಕೆನ್ನೆ ಮುಟ್ಟಿದರು.

ಮಧ್ಯಾಹ್ನದ ಊಟದವರು ಖಾಲಿಯಾದ ಮೇಲೆ ಶಟರ್ ಅರ್ಧ ಎಳೆದು ಬೆಂಚುಗಳನ್ನು ಸಾಲಾಗಿ ಹಾಕಿದರು. ವೆಂಕಪ್ಪನವರು ಗಲ್ಲಾದಲ್ಲಿ ಚಿತ್ರ ಬೀಳುವ ಗೋಡೆಗೆ ಬೆನ್ನು ಹಾಕಿ ಕೂತು ಪೇಪರ್ ಬಿಡಿಸಿದರು. ಅರೆಗತ್ತಲಲ್ಲಿ ಒಂದಕ್ಷರವೂ ಕಾಣುವಂತಿರಲಿಲ್ಲ, ಆದರೂ ಬಿಡಿಸಿದರು. ಗೇಮ್ ಆಡುವವನು ಸಮರ್ಥ್, ಲ್ಯಾಪ್‌ಟಾಪೂ ಗುಂಡಿಗಳ ರಿಮೋಟೂ ಅವನವೇ. ನ್ಯೂ ಟೌನಿನಲ್ಲಿ ಕೆಲಸ ಮಾಡುವ ಬೆಂಗಳೂರಿನ ಹುಡುಗ, ಭಾನುವಾರವಾದರೆ ಸಾರು ಹುಡುಕಿಕೊಂಡು ಇಷ್ಟು ದೂರ ಬರುವವನು.

ಪ್ರೊಜೆಕ್ಟರ್ ಹಚ್ಚಿದ್ದೇ ತಡ, ಚಿತ್ರ ಹೋಗಿ ತಿಂಡಿಯ ಬೋರ್ಡಿನ ಮೇಲೆ ಕೂತಿತು. ಅರಮನೆಯ ತುಂಬ ಇಡ್ಲಿ ವಡೆ. ಈಚೆ ಸರಿಸಿದರೆ ಕೃಷ್ಣನ ಫೋಟೋ. "ದೇವರ ಮೇಲೆ ಬಿಡಬೇಡೀಪ್ಪಾ, ಒಳ್ಳೇದಲ್ಲ" ಎಂದು ತುಂಗಮ್ಮನವರು ತಡೆದರು. ಮಿಹಿರ್‌ದಾ ಬಿಳಿ ಬಟ್ಟೆ ಕೇಳಿದರು. ಗಡಿಬಿಡಿಯಲ್ಲಿ ರತ್ನಾವತಿಯವರ ಕೈಗೆ ಸಿಕ್ಕಿದ್ದು ಗಂಡನ ಒಗೆದ ಪಂಚೆ. ಅದನ್ನೇ ಎರಡು ಮೊಳೆಗೆ ಸಿಕ್ಕಿಸಿ, ಅದರ ಮೇಲೆ ಗೇಮು ಶುರುವಾಯಿತು.

ದೋಣಿಯವನೊಬ್ಬ ಹೊಳೆ ದಾಟಿ ಆಚೆ ದಡದಲ್ಲಿರುವ ರಾಣಿಯ ಮೆಟ್ಟಿಲುಗಟ್ಟೆಗೆ ಹೋಗಬೇಕು. ಸಮರ್ಥನ ದೋಣಿಯವನನ್ನು ಮೊಸಳೆ ತಿಂದಿತು. ಮತ್ತೆ ಹೊರಟ, ಮತ್ತೆ ತಿಂದಿತು. "ಬಲಗಡೆ ಹುಟ್ಟು ಹಾಕು" ಎಂದರು ಹುಟ್ಟಿದಾಗಿನಿಂದ ಗಂಗೆಯ ದಂಡೆಯಲ್ಲೇ ಇರುವ ಮಿಹಿರ್‌ದಾ. ಬಲಗಡೆ ಹಾಕಿದ, ಅಲ್ಲಿ ಎರಡು ಮೊಸಳೆ ಇದ್ದವು. "ಈ ಹುಡುಗನ್ನ ನೋಡಿದ್ರೆ ನಮ್ ವೈಷ್ಣವಿ ಬರೋದು ಪೂಜೆ ರಜಕ್ಕೇ" ಎಂದು ತುಂಗಮ್ಮನವರು ಮಂಡಿ ನೀವಿಕೊಂಡರು. "ಆಂಟಿ, ಇದು ನೋಡಕ್ಕೆ ಈಜಿ, ಆಡಕ್ಕೆ ಕಷ್ಟ" ಎಂದ ಸಮರ್ಥ್, ಬೆವರು ಒರೆಸಿಕೊಂಡು.

ಅಂತೂ ದೋಣಿ ದಡ ಸೇರಿತು. ಮೆಟ್ಟಿಲ ಮೇಲೆ ರಾಣಿ ತಿರುಗಿ ನಿಂತಳು. ಆಕಾಶ್ ಕೊಟ್ಟ ಭಾಷೆ ತಪ್ಪಿರಲಿಲ್ಲ. ಅದೇ ಹಣೆ, ಅದೇ ಮೂಗು, ಗಲ್ಲದ ಮೇಲಿನ ಮಚ್ಚೆ ಕೂಡ. ಹತ್ತು ವರ್ಷ ಕಡಿಮೆ ಮಾಡಿ, ಒಂಚೂರು ಬಣ್ಣ ಹೆಚ್ಚು ಮಾಡಿದ್ದರು, ಅಷ್ಟೇ. ಕುತ್ತಿಗೆಯಿಂದ ಕಾಲಿನ ತನಕ ಜರಿ. ಎಲ್ಲರೂ ಚಪ್ಪಾಳೆ ತಟ್ಟಿದರು.

"ಇದು ನೀನೇನಮ್ಮ? ನೀನು ಇಷ್ಟು ಬೆಳ್ಳಗಿಲ್ವಲ್ಲ" ಎಂದರು ತುಂಗಮ್ಮ.

ವೈಷ್ಣವಿ ಗಲ್ಲಾದ ಕಡೆ ನೋಡಿದಳು. ಪೇಪರ್ ಅಲುಗಲಿಲ್ಲ. ರಾಣಿ ಹಿಂದಿಯಲ್ಲಿ ಮಾತಾಡತೊಡಗಿದಳು, ಅದು ಬೇರೆ ಯಾರದೋ ದನಿ. ಅಷ್ಟರಲ್ಲಿ ಎದುರು ದಡದಿಂದ ಬಾಣವೊಂದು ಬಂತು. ರಾಣಿ ಎದೆ ಹಿಡಿದುಕೊಂಡು ಮೆಟ್ಟಿಲಿಂದ ಉರುಳುತ್ತ ಕೂಗಿದಳು.

"ಅಪ್ಪಯ್ಯಾ..."

ವೈಷ್ಣವಿಗೆ ನೆನಪಾಯಿತು. ಶೂಟಿಂಗಿನಲ್ಲಿ ಒಂದು ದಿನ ಅವಳು ಹಾಸಿಗೆಯ ಮೇಲೆ ಬೀಳುವ ಬದಲು ನೆಲಕ್ಕೆ ಬಿದ್ದಿದ್ದಳು. ಸೊಂಟ ಮುರಿದೇ ಹೋಯಿತೆನ್ನುವ ನೋವಿನಲ್ಲಿ ಬಾಯಿಗೆ ಬಂದದ್ದನ್ನು ಕೂಗಿದ್ದಳು. ಆಕಾಶನಿಗೆ ಅರ್ಥವಾಗದಿದ್ದರೂ, ಇದು ಅಸಲಿ ಎಂದು ಇಟ್ಟುಕೊಂಡಿದ್ದ. ಇಡೀ ಗೇಮಿನಲ್ಲಿ ಅವಳದೇ ದನಿ ಎಂದರೆ ಅದೊಂದೇ.

ಗಲ್ಲಾದಲ್ಲಿ ಪೇಪರ್ ಕೆಳಗೆ ಬಿತ್ತು. "ಓ" ಎಂದರು ವೆಂಕಪ್ಪನವರು.

ಹೋಟೆಲಿನಲ್ಲಿ ಎಲ್ಲರಿಗೂ ಕೇಳಿಸಿತು. ಹದಿನೈದು ವರ್ಷದ ಮೇಲೆ ಬಂದ ಓಗೊಡುವಿಕೆ. ವೈಷ್ಣವಿಯ ಕಣ್ಣು ತುಂಬಿ ಬಂತು. ಅವರು ಗೋಡೆಯ ಕಡೆ ತಿರುಗಿ, ತಮ್ಮದೇ ಪಂಚೆಯ ಮೇಲೆ ಸತ್ತು ಬಿದ್ದ ಮಗಳನ್ನು ನೋಡುತ್ತಿದ್ದರು.

"ಸತ್ತೇ ಹೋದ್ಲಾ?" ಎಂದರು ರತ್ನಾವತಿ.

"ಟೈಮಿಗೆ ಸರಿಯಾಗಿ ಗುರಾಣಿ ಹಿಡಿದ್ರೆ ಉಳೀತಾರೆ ಆಂಟಿ. ಇರಿ, ಮತ್ತೆ ಟ್ರೈ ಮಾಡ್ತೀನಿ." ಸಮರ್ಥ್ ಮತ್ತೆ ಆಡಿದ. ರಾಣಿ ಮತ್ತೆ ಅಪ್ಪಯ್ಯಾ ಎಂದು ಉರುಳಿದಳು. ಮೂರನೆಯ ಸಲ ಉರುಳಿದಾಗ ರತ್ನಾವತಿಯವರಿಗೆ ತಡೆಯಲಾಗಲಿಲ್ಲ. ಅಡುಗೆಮನೆಗೆ ಓಡಿ ಮುಷ್ಟಿ ತುಂಬ ಉಪ್ಪು, ಸಾಸಿವೆ, ಒಣಮೆಣಸು ಹಿಡಿದು ಬಂದರು. ದೃಷ್ಟಿ ತೆಗೆಯಲಿಕ್ಕೆ. ವೈಷ್ಣವಿ ಅಮ್ಮನಿಗೆ ಎಟುಕಲೆಂದು ತಲೆ ಬಗ್ಗಿಸಿ ನಿಂತಳು. ಅಮ್ಮ ಅವಳನ್ನು ದಾಟಿ ಹೋಗಿ, ಪಂಚೆಯ ಮುಂದೆ ನಿಂತು ರಾಣಿಗೆ ಮೂರು ಸುತ್ತು ಇಳಿ ತೆಗೆದು, ಒಲೆಯ ಮೇಲಿದ್ದ ದೋಸೆಕಲ್ಲಿಗೆ ಹಾಕಿದರು.

ಅರ್ಧ ಎಳೆದ ಶಟರ್, ಒಳಗೆ ಮೆಣಸಿನ ಹೊಗೆ. ಕೆಮ್ಮಿ ಕೆಮ್ಮಿ ಜನ ಎದ್ದರು. ಪ್ರೊಜೆಕ್ಟರ್ ನಾಳೆ ಕೊಂಡೊಯ್ಯುತ್ತೇನೆಂದು ಮಿಹಿರ್‌ದಾ ಕಣ್ಣೊರೆಸಿಕೊಂಡು ಬಗ್ಗಿ ಹೊರಬಿದ್ದರು. "ಸಾವು ನೋಡಿದ್ದಾಯ್ತು, ಗೇಮೋ ಪಾಮೋ, ನಾನಂತೂ ಸ್ನಾನ ಮಾಡ್ತೀನಿ" ಎಂದು ತುಂಗಮ್ಮನವರು ಮೆಟ್ಟಿಲು ಹತ್ತಿದರು.

ವೆಂಕಪ್ಪನವರು ಗಲ್ಲಾ ಬಿಟ್ಟು ಎದ್ದು ಬಂದು ಸಮರ್ಥನ ಎದುರು ಕೈ ಚಾಚಿದರು. "ಕೊಡು ಮಾರಾಯ ಇಲ್ಲಿ. ನಿನ್ನ ಕೈಯಲ್ಲಿ ಆಗುದಿಲ್ಲ. ಯಾವುದು ಒತ್ತುದು ಹೇಳು."

ಸಮರ್ಥ್ ಹೇಳಿಕೊಟ್ಟು, ಲ್ಯಾಪ್‌ಟಾಪನ್ನು ಅಲ್ಲೇ ಬಿಟ್ಟು, ಕೆಮ್ಮುತ್ತ ಮೆಟ್ರೋ ಹಿಡಿಯಲು ಹೋದ. ಅವರು ಬೆಂಚಿನ ತುದಿಗೆ ಕೂತು ಒತ್ತತೊಡಗಿದರು. ದೋಸೆ ಮಗುಚುವ ಆ ಕೈ ಚಿಕ್ಕ ಗುಂಡಿಗಳ ಮೇಲೆ ತಡವರಿಸುತ್ತಿತ್ತು, ಬಾಯಿ ಪಂಚೆಯ ಮೇಲಿನ ರಾಣಿಯನ್ನು ಮಾತಾಡಿಸುತ್ತಿತ್ತು. "ಇತ್ಲಾಗಿ ಬಾ ಮಗಾ. ಹೆದರಬೇಡ, ನಾನು ಉಂಟಲ್ಲ. ಅಲ್ಲಿ ನಿಲ್ಲಬೇಡ, ಬಾಣ ಬರ್ತದೆ. ಅಷ್ಟು ದೊಡ್ಡ ಜರಿ ಉಟ್ಟು ಓಡ್ಲಿಕ್ಕೆ ಆಗ್ತದಾ ನಿಂಗೆ? ಎಷ್ಟು ಬಡವಾಗಿದ್ದಿ ನೀನು, ಊಟ ಸರಿ ಮಾಡ್ತಿಯಾ ಇಲ್ವಾ?"

ವೈಷ್ಣವಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಇಷ್ಟು ಮಾತು ಅಪ್ಪನ ಹೊಟ್ಟೆಯಲ್ಲಿತ್ತೇ ಎಂದು ಅಳು ಬಂತು, ಸಂತೋಷವೂ ಆಯಿತು. ಐದು ಗಂಟೆಯಾಯಿತು. ಹೊರಗೆ ಚಹಾ ಕುಡಿಯಲು ಬಂದವರು ಶಟರ್ ಬಡಿದರು, ವೆಂಕಪ್ಪನವರು ಏಳಲಿಲ್ಲ. ಇನ್ನು ತಡಮಾಡಬಾರದು ಎಂದುಕೊಂಡು ಅವಳು ತಾನೇ ಕಾಫಿ ಬೆರೆಸಿದಳು. ಸೆರಗು ಸರಿಮಾಡಿಕೊಂಡು, ಲೋಟ ಹಿಡಿದು ಅಪ್ಪನ ಎದುರಿಗೇ ಹೋಗಿ ನಿಂತಳು. ಪ್ರೊಜೆಕ್ಟರಿನ ಬೆಳಕೆಲ್ಲ ಅವಳ ಮುಖದ ಮೇಲೆ ಬಿತ್ತು.

"ಅಪ್ಪಯ್ಯ, ಕಾಫಿ."

ವೆಂಕಪ್ಪನವರು ಕತ್ತು ಉದ್ದ ಮಾಡಿ, ಅವಳ ಎಡಗಡೆಯಿಂದ ಇಣುಕಿದರು, ಬಲಗಡೆಯಿಂದ ಇಣುಕಿದರು. ಆಮೇಲೆ ಅಡುಗೆಮನೆಯ ಕಡೆ ಮುಖ ಮಾಡಿ ಕೂಗಿದರು.

"ರತ್ನಾ, ಅವಳಿಗೆ ಸ್ವಲ್ಪ ಆಚೆ ನಿಲ್ಲಲಿಕ್ಕೆ ಹೇಳು. ಮಗು ಕಾಣುದಿಲ್ಲ."

ವೈಷ್ಣವಿ ಲೋಟವನ್ನು ಬೆಂಚಿನ ಮೇಲಿಟ್ಟು ಆಚೆ ಸರಿದಳು. ಅವಳ ನೆರಳು ಪಂಚೆಯಿಂದ ಇಳಿಯಿತು. ಹಿಂದಿನಿಂದ ಅವಳದೇ ದನಿ ಅಪ್ಪಯ್ಯಾ ಎಂದು ಕೂಗಿತು.

"ಓ, ಬಂದೆ ಮಗಾ" ಎಂದರು ವೆಂಕಪ್ಪನವರು.